ಎರಡು ಪ್ಯಾದೆಗಳ ಆರಂಭ

ಮುಲುಂಡ್, ಮುಂಬಯಿ
7 ಏಪ್ರಿಲ್ 2025

ಪ್ರೀತಿಯ ಅಪ್ಪಾ,

ನಿಮ್ಮ ಮೊಮ್ಮಗಳು ಮೊದಲ ಪಂದ್ಯದಲ್ಲೇ ಸೋತಳು ಎಂದಷ್ಟೇ ಬರೆದು, ಆಮೇಲೆ ನಾನು ಅವಳನ್ನು ಹೊಡೆದದ್ದನ್ನು ಬಿಟ್ಟುಬಿಡಬೇಕೆಂದಿದ್ದೆ. ನಿಮ್ಮ ಮೊಣಕಾಲು ನೋವು ಹೇಗಿದೆ? ವಿಜಯಪುರದ ಬಿಸಿಲಲ್ಲಿ ಅವ್ವ ಬಿಪಿ ಗುಳಿಗೆ ತಪ್ಪಿಸದಂತೆ ನೋಡಿಕೊಳ್ಳಿ.

ಶನಿವಾರ ವಿಲೆ ಪಾರ್ಲೆಯಲ್ಲಿ ಶಾಲಾಮಕ್ಕಳ ಚೆಸ್ ಪಂದ್ಯವಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಸೌಮ್ಯಾಳನ್ನು ಸೋಲಿಸುವವರಿಲ್ಲ. ಹೆಸರು ಕೊಟ್ಟವಳು ನಾನೇ. ನೀವು ಕಲಿಸಿದ ಹಾಗೆ ಅವಳು ಮೊದಲ ನಡೆಯಲ್ಲೇ ಎರಡು ಪ್ಯಾದೆಗಳನ್ನು ಒಂದೊಂದು ಮನೆ ಮುಂದಿಟ್ಟಳು. ಎದುರಿನ ಹುಡುಗಿ ಕೈಯೆತ್ತಿದಳು. ಅಂಪೈರ್ ಗಡಿಯಾರ ನಿಲ್ಲಿಸಿ, 'ಬೇಟಾ, ಏಕ್ ಬಾರ್ ಮೇ ಏಕ್ ಹೀ', ಒಂದು ಸಲಕ್ಕೆ ಒಂದೇ ಕಾಯಿ, ಎಂದು ಎಚ್ಚರಿಸಿದರು. ಆರನೆಯ ನಡೆಗೆ, ನಮ್ಮ ಮನೆಯ ಆಟದಲ್ಲಿ ಒಂದು ಸಲಕ್ಕೆ ಬಿಡುವ ಇನ್ನೊಂದು ನಡೆಯನ್ನೂ ಮಾಡಿದಳು: ರಾಜನನ್ನು ಕುದುರೆಯಂತೆ ಹಾರಿಸಿದಳು. ಎರಡನೆಯ ತಪ್ಪಿಗೆ ಆಟವೇ ಮುಗಿಯಿತು. 'ಕಹಾಂ ಸೇ ಸೀಖಾ ಯೇ?', ಎಲ್ಲಿ ಕಲಿತೆ ಇದನ್ನ, ಎಂದು ಆ ಹುಡುಗಿ ನಕ್ಕಳು. ಅವಳ ತಾಯಿಯೂ ನಕ್ಕರು.

ಹೊರಗೆ ಮೆಟ್ಟಿಲ ಮೇಲೆ ಸೌಮ್ಯಾ 'ಅಜ್ಜಾರು ಹಿಂಗ ಕಲಿಸ್ಯಾರ, ಮಮ್ಮಿ' ಎಂದಳು. ಮೊದಲ ಏಟಿಗೆ ಕನ್ನಡಕ ಹಾರಿತು, ಎರಡನೆಯದಕ್ಕೆ ತುಟಿ ಒಡೆಯಿತು. ಯೂನಿಫಾರ್ಮಿನ ಮೇಲೆ ರಕ್ತ ಕಂಡ ಮೇಲೂ ಜಡೆ ಹಿಡಿದು ಅವಳ ತಲೆಯನ್ನು ಕಬ್ಬಿಣದ ಕಂಬಿಗೆ ಬಡಿದೆ. ವಾಚ್‌ಮನ್ ಓಡಿಬಂದು ನನ್ನ ಕೈ ತಿರುಚಿ ಹಿಡಿದ. 'ಬಾಯಿ, ಮರ್ ಜಾಯೇಗೀ ಬಚ್ಚೀ', ಮಗು ಸತ್ತೇ ಹೋಗುತ್ತದೆ ಎಂದ. ಆ ನಡೆ ತಪ್ಪೆಂದು ನನಗಾದರೂ ಗೊತ್ತಾದದ್ದು ಅಂಪೈರ್ ಹೇಳಿದಾಗಲೇ. ಹಾಗಾದರೆ ಯಾತಕ್ಕೆ ಹೊಡೆದೆ?

ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದಿವೆ. ದವಾಖಾನೆಯಲ್ಲಿ ಡಾಕ್ಟರು ಕೇಳುವ ಮೊದಲೇ ಅವಳು 'ಲೋಕಲ್ ಹತ್ತುವಾಗ ಬಿದ್ದೆ' ಎಂದುಬಿಟ್ಟಳು, ಕಣ್ಣೂ ಮಿಟುಕಿಸದೆ. ಇಷ್ಟು ಚೆನ್ನಾಗಿ ಯಾರು ಕಲಿಸಿದರೆಂದು ಆಟೋದಲ್ಲಿ ಕೇಳಿದೆ. 'ಅಜ್ಜಿ. ಅಜ್ಜಾರು ಹೊಡದಾಗ ಮಾಳಿಗಿ ಮ್ಯಾಲಿಂದ ಬಿದ್ದೆ ಅನ್ನು ಅಂತಾಳ.' ಅಪ್ಪಾ, ಚಿಕ್ಕಂದಿನಲ್ಲಿ ನಿಮ್ಮೆದುರು ಆಡಿ ರಾಣಿ ಕಳೆದುಕೊಂಡು ಏಟು ತಿಂದ ಮರುದಿನ ನಾನೂ ಶಾಲೆಯಲ್ಲಿ ಟೀಚರ್‌ಗೆ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತಿದ್ದೆ. ಆದರೂ ಪ್ರತಿ ಮೇ ತಿಂಗಳು ಅವಳನ್ನು ನಿಮ್ಮಲ್ಲಿಗೆ ಕಳಿಸಿದೆ. ಮೊಮ್ಮಗಳ ಮೇಲೆ ನಿಮ್ಮ ಕೈ ಏಳದು ಎಂದು ನಂಬಿದ್ದೆನೋ, ನಂಬುವುದು ಅನುಕೂಲವಾಗಿತ್ತೋ, ತಿಳಿಯದು.

ಅವ್ವನಿಗೆ ನಮಸ್ಕಾರ. ನಿಮ್ಮ ಪಾದಕ್ಕೆರಗುವೆನೆಂದು ಬರೆಯಲು ಈ ಸಲ ಕೈ ಬರುತ್ತಿಲ್ಲ.

ನಿಮ್ಮ ಮಗಳು,
ಶಿವಕುಮಾರಿ

ತಾ.ಕ.: ರಜೆಯ ಟಿಕೆಟ್ ರದ್ದು ಮಾಡಿಸಿದ್ದೇನೆ. ಸೌಮ್ಯಾ ಇನ್ನು ನಿಮ್ಮ ಮನೆಗೆ ಬರುವುದಿಲ್ಲ. ನನ್ನ ಹತ್ತಿರವೂ ಅವಳೊಬ್ಬಳೇ ಇರುವುದು ಬೇಡವೆಂದು ನಾದಿನಿಯನ್ನು ಕರೆಸಿಕೊಂಡಿದ್ದೇನೆ. ಇವರು ನಾಳೆ ಟೂರಿನಿಂದ ಬರುತ್ತಾರೆ. ಹೊಡೆದವಳು ನಾನು ಎಂದು ಹೇಳುತ್ತೇನೆ. ಹೇಳಿದ ಮೇಲೆಯೇ ಇದನ್ನು ಪೋಸ್ಟಿಗೆ ಹಾಕುವುದು, ಬುಧವಾರ, ಏಪ್ರಿಲ್ 9.