ರಟ್ಟಿನೊಳಗಿನ ಮೇಘಕೇತು

ಯಲಬುರ್ಗಾ
೧೨-೯-೧೯೮೪

ಪ್ರೀತಿಯ ಕಾಸೀಮಬೀಗೆ,

ಬರೆಯುತ್ತಿರುವವಳು ಕನಕಪ್ಪನವರ ಮಗಳು ಶಾಂತಾ. ಹೆಸರು ನೋಡಿದ ಕೂಡಲೇ ಕಾಗದ ಒಲೆಗೆ ಹಾಕಬೇಡ. ಹಾಕುವುದಿದ್ದರೂ ಪೂರ್ತಿ ಓದಿ ಹಾಕು. ನಿನ್ನ ವಿಳಾಸ ಕೊಟ್ಟವರು ನಿನ್ನ ತಾಯಿ ಹಜರತಬೀ. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಟ್ಟರು, ನಾನು ಕುಡಿದು ಮುಗಿಸುವವರೆಗೂ ನನ್ನ ಮುಖವನ್ನೇ ನೋಡುತ್ತ ನಿಂತರು. ಅಷ್ಟು ಕಷ್ಟಪಟ್ಟು ನಾನು ಜನ್ಮದಲ್ಲಿ ಚಹಾ ಕುಡಿದಿಲ್ಲ. ಆಮೇಲೆ ನೀನು ಗಂಗಾವತಿಯಲ್ಲಿ ಗಂಡ ಉಮರಸಾಬರ ಜೊತೆ ಬೈಂಡಿಂಗ್ ಅಂಗಡಿ ನಡೆಸುತ್ತಿದ್ದೀಯೆಂದು ಹೇಳಿದರು. ಕೇಳಿ ಖುಷಿಯಾಯಿತು.

ಸುತ್ತುಬಳಸದೆ ಹೇಳಿಬಿಡುತ್ತೇನೆ. ನೀನು ಕಳ್ಳಿಯಲ್ಲ. ಇದು ನನಗೆ ಗೊತ್ತಾಗಲು ಹತ್ತೊಂಬತ್ತು ವರ್ಷ ಬೇಕಾಯಿತು. ಗೊತ್ತಾದ ದಿನ ಮೊದಲು ಅತ್ತೆ, ಆಮೇಲೆ ಹಗುರಾದೆ. ನೀನು ಹಾಗೆ ಮಾಡಿದ್ದೀಯೆಂದು ನಂಬಿಕೊಂಡು ಬದುಕುವುದು ನನಗೂ ಸುಖವಾಗಿರಲಿಲ್ಲ ಕಾಸೀಮ.

ಅಪ್ಪ ತೀರಿಕೊಂಡ ಮೇಲೆ ಅವರ ನೌಕರಿ ನನಗೆ ಸಿಕ್ಕಿದ್ದು ನೀನು ಕೇಳಿರಬಹುದು. ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಕೂಡುತ್ತೇನೆ. ಆಗಸ್ಟಿನ ಮಳೆಗೆ ಕೋಣೆಯ ಮೂಲೆ ಸೋರಿತು. ೧೯೬೫ರ ಒಂದು ರಿಜಿಸ್ಟರು ರಾತ್ರಿಯಿಡೀ ನೆನೆದು, ಅದರ ರಟ್ಟು ಉಬ್ಬಿ ಪದರು ಪದರಾಗಿ ಬಿಚ್ಚಿಕೊಂಡಿತ್ತು. ಅದನ್ನು ಕಟ್ಟಿದ್ದ ನಿನ್ನ ತಂದೆ ನಜೀರಸಾಬರು ಅಂಗಡಿಯ ರಟ್ಟನ್ನು ಎಂದೂ ಕೊಂಡವರಲ್ಲವಲ್ಲ. ಹಳೆಯ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಕಲ್ಲು ಹೇರಿ ಒಣಗಿಸಿ, ತಾವೇ ರಟ್ಟು ಮಾಡುತ್ತಿದ್ದರು. ಒಣಗಲೆಂದು ಆ ಪದರುಗಳನ್ನು ಬಿಡಿಸುತ್ತಿದ್ದೆ. ಮೂರನೆಯ ಪದರಿನಲ್ಲಿ ಒಂದು ನೀಲಿ ಮುಖವಾಡ ಕಂಡಿತು.

ಮೇಘಕೇತು, ಕಾಸೀಮ. ನಮ್ಮ ಚಿತ್ರಕಥೆಯ ಮೇಘಕೇತು. ಮೊದಲನೆಯ ಸಂಚಿಕೆಯ ಮೊದಲ ಪುಟ. ಮೂಲೆಯಲ್ಲಿ ನಾವು ಆಲೂಗಡ್ಡೆ ಕೊರೆದು ಮಾಡಿದ ನಮ್ಮಿಬ್ಬರ ಸಂಘದ ಮೊಹರು ಹಾಗೆಯೇ ಇದೆ. ಮೊಹರಿನ ಕೆಳಗೆ ಪೆನ್ಸಿಲಿನಲ್ಲಿ, "ರದ್ದಿ, ಒಂದೂಕಾಲು ಸೇರು, ನಜೀರಸಾಬರಿಗೆ" ಎಂದು ಬರೆದಿದೆ. ಅಕ್ಷರ ನನ್ನ ಅಪ್ಪನದು. ಆ ಅಕ್ಷರದ ಫೈಲುಗಳ ನಡುವೆಯೇ ನಾನು ದಿನಾ ಕೂಡುವವಳು, ನನಗೆ ತಪ್ಪಲು ಸಾಧ್ಯವಿಲ್ಲ.

ಆ ಬೇಸಿಗೆ ನೆನಪಿದೆಯಲ್ಲ? ನಾನು ಅಜ್ಜಿಯ ಊರು ಹನುಮಸಾಗರಕ್ಕೆ ಹೋಗಿದ್ದೆ. ಇಪ್ಪತ್ನಾಲ್ಕನೆಯ ಸಂಚಿಕೆಯಲ್ಲಿ ಮೇಘಕೇತು ಮುಖವಾಡ ತೆಗೆಯುತ್ತಾನೆಂದು ಮೊದಲೇ ಸಾರಿದ್ದರು. ಕೊನೆಯ ಪುಟವನ್ನು ಯಾರೂ ಒಬ್ಬರೇ ನೋಡಬಾರದೆಂಬುದು ಇಬ್ಬರೇ ಸದಸ್ಯರಿದ್ದ ನಮ್ಮ ಸಂಘದ ಮೊದಲ ಕಟ್ಟಳೆ. ನಾನು ಮರಳಿ ಬಂದಾಗ ಪೇಪರಿನ ದುರಗಪ್ಪ, ಸಂಚಿಕೆ ಬಂದಿತ್ತು, ಕಾಸೀಮಬೀ ಕೈಗೆ ಕೊಟ್ಟೆ ಎಂದ. ನೀನು ಅದನ್ನು ನಮ್ಮ ಮನೆಯ ಜೋಳ ತುಂಬಿಡುವ ಮಣ್ಣಿನ ವಾಡೆಯ ಹಿಂದೆ, ಉಳಿದ ಇಪ್ಪತ್ಮೂರರ ಜೊತೆ ಇಟ್ಟೆನೆಂದು ಹೇಳಿದೆ. ಹೋಗಿ ನೋಡಿದರೆ ಇಪ್ಪತ್ನಾಲ್ಕೂ ಇರಲಿಲ್ಲ. ಆ ಜಾಗ ಗೊತ್ತಿದ್ದವರು ನಾವಿಬ್ಬರೇ ಎಂದು ನಾನು ತಿಳಿದಿದ್ದೆ. ವಾಡೆಯಿಂದ ಜೋಳ ತೆಗೆಯುವ ಮನೆಯಲ್ಲಿ ಅದೆಂಥ ಗುಟ್ಟಿನ ಜಾಗವೋ, ನನ್ನ ಬುದ್ಧಿಗೆ ಏನು ಹೇಳಲಿ.

ನಲ್ಲಿಯ ಹತ್ತಿರ ಅಷ್ಟು ಜನ ಹೆಂಗಸರ ಮುಂದೆ ನಾನು, "ಇಕಿ ಕಳ್ಳಿ ಅದಾಳ. ಇಕಿ ಕೂಡ ಯಾರೂ ಮಾತಾಡಬ್ಯಾಡ್ರಿ" ಅಂದೆ. ನೀನು ತಗೊಂಡಿಲ್ಲ ಎಂದು ಒಂದೇ ಸಲ ಹೇಳಿ, ತುಂಬದ ಕೊಡವನ್ನೇ ಎತ್ತಿಕೊಂಡು ಹೋದೆ. ಸಂಜೆ ನಾನು ಅಳುತ್ತ ಕೂತಾಗ ಅಪ್ಪ, "ಹೋಗಲಿ ಬಿಡವ್ವ, ಹಾಳಿ ತಾನ?" ಎಂದರು. ಮರುದಿನ ಕೇಳದೆಯೇ ಹೊಸ ಕಂಪಾಸ್ ಪೆಟ್ಟಿಗೆ ತಂದುಕೊಟ್ಟರು. ಆಗ ಅದು ಪ್ರೀತಿ ಅನ್ನಿಸಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾನೆಂದು ಹದಿಮೂರು ವರ್ಷದವಳಿಗೆ ಹೇಗೆ ಹೊಳೆಯಬೇಕು? ಮೂರು ವರ್ಷದ ಮೇಲೆ ನಿನ್ನ ನಿಕಾಹಕ್ಕೆ ನಿನ್ನ ತಾಯಿ ಮನೆಗೆ ಬಂದು ಕರೆದರು. ನಾನು ಒಳಗಿದ್ದುಕೊಂಡೇ ಇಲ್ಲ ಎಂದು ಹೇಳಿಸಿದೆ. ಅಪ್ಪ ಒಬ್ಬರೇ ಹೋಗಿ ಬಂದು, ಅಂದು ರಾತ್ರಿ ಊಟ ಮಾಡಲಿಲ್ಲ.

ಅಪ್ಪನ ಮೇಲೆ ಸಿಟ್ಟು ಬಂತು. ಈಗ ಅದೂ ಇಳಿದಿದೆ. ಫೋಟೋದ ಮುಂದೆ ನಿಂತು ಎಷ್ಟು ಹೊತ್ತು ಜಗಳವಾಡುವುದು?

ಇನ್ನೊಂದು ಸುದ್ದಿ ಹೇಳಬೇಕು, ನಗಬೇಡ. ಆ ಒಂದು ಹಾಳೆ ನೋಡಿದ ಮೇಲೆ ನನಗೆ ಹಳೆಯ ಹುಚ್ಚು ತಿರುಗಿ ಹಿಡಿದಿದೆ. ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗಿ ದಾರಕ್ಕೆ ನೇತುಹಾಕಿದ ಚಿತ್ರಕಥೆಗಳನ್ನು ಕೊಂಡೆ. ಅಂಗಡಿಯ ಓಬಳೆಪ್ಪ, "ಮಗನಿಗೇನ್ರಿ ಅಕ್ಕಾರ?" ಎಂದು ಕೇಳಿದ. ಹೂಂ ಅಂದೆ. ನನಗೆ ಇರುವುದು ಒಂದೂವರೆ ವರ್ಷದ ಮಗಳು, ಅವಳು ಹಾಳೆ ಓದುವುದಿಲ್ಲ, ತಿನ್ನುತ್ತಾಳೆ. ಒಂದು ವಾರ ಫೈಲಿನ ನಡುವೆ ಇಟ್ಟುಕೊಂಡು ಕದ್ದು ಓದಿದೆ. ತಳಕಲ್ಲಿನಲ್ಲಿ ಮಾಸ್ತರಾಗಿರುವ ನನ್ನ ಯಜಮಾನರು ಪಂಪಣ್ಣ ಒಂದು ದಿನ ಚೀಲದಲ್ಲಿ ಅವನ್ನು ನೋಡಿದರು. ಎರಡು ದಿನ ಬಿಟ್ಟು, ಮುಂದಿನದು ಯಾವಾಗ ಬರುತ್ತದೆ ಎಂದು ಕೇಳಿದರು. ಹೋದ ಶನಿವಾರ ಓಬಳೆಪ್ಪ ಮತ್ತೆ ಮಗನ ಮಾತೆತ್ತಿದಾಗ, "ನನಗ ರೀ. ನಾನ ಓದ್ತೀನಿ" ಎಂದೆ. ಮೂವತ್ತೆರಡು ವರ್ಷದ ಸರಕಾರಿ ನೌಕರಿಯವಳು ಬಜಾರದಲ್ಲಿ ನಿಂತು ಹಾಗೆ ಹೇಳಿದರೂ ಆಕಾಶವೇನೂ ಕಳಚಿ ಬೀಳಲಿಲ್ಲ. ಅವನು ಹಿಂದಿನ ತಿಂಗಳದ್ದನ್ನೂ ಹುಡುಕಿ ಕೊಟ್ಟ.

ಆದರೆ ಓದಿ ಮುಗಿಸಿದ ಮೇಲೆ ಮಾತಾಡಲು ನೀನಿಲ್ಲ. ಬಣ್ಣ ಎಲ್ಲಿ ತಪ್ಪಿದೆ, ಕುದುರೆಗೆ ಐದು ಕಾಲು ಎಲ್ಲಿ ಬಿದ್ದಿವೆ ಎಂದು ಬೆರಳಿಟ್ಟು ತೋರಿಸುವವಳು ನೀನೇ ಇದ್ದೆ. ಪಂಪಣ್ಣನವರು ಒಳ್ಳೆಯವರು, ಆದರೆ ಕುದುರೆಯ ಕಾಲು ಎಣಿಸುವುದಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಸಂಘದ ಹಾಜರಿ ಪುಸ್ತಕ ನಿನ್ನ ಹತ್ತಿರವೇ ಇತ್ತು. ಅದರಲ್ಲಿ ನನ್ನ ಹೆಸರು ಹೊಡೆದುಹಾಕಿದ್ದೀಯೋ ಇಲ್ಲವೋ, ಅಷ್ಟನ್ನಾದರೂ ಎರಡು ಸಾಲಿನಲ್ಲಿ ತಿಳಿಸು.

ನಿನ್ನ ಹಳೆಯ ಗೆಳತಿ,
ಶಾಂತಾ

ತಾ.ಕ: ಒಂದು ರಟ್ಟು ಮಳೆಗೆ ಬಿಚ್ಚಿದ್ದು ನಿಜ. ಅದೇ ವರ್ಷ ಕಟ್ಟಿದ ಉಳಿದ ಆರು ರಿಜಿಸ್ಟರುಗಳ ರಟ್ಟು ಬಿಚ್ಚಿದ್ದು ನನ್ನ ಚೊಂಬಿನ ನೀರಿಗೆ. ತಹಶೀಲ್ದಾರರಿಗೆ ಎಲ್ಲವೂ ಮಳೆಯ ಕೆಲಸವೆಂದು ಹೇಳಿದ್ದೇನೆ. ಕೊನೆಯ ಸಂಚಿಕೆಯ ಮೂವತ್ತು ಪುಟ ಸಿಕ್ಕವು. ಮುಖವಾಡ ತೆಗೆಯುವ ಕೊನೆಯ ಹಾಳೆ ಮಾತ್ರ ಎಲ್ಲಿಯೂ ಇಲ್ಲ.

*

ಗಂಗಾವತಿ
೨೦-೯-೧೯೮೪

ಶಾಂತಾಗೆ,

ಕಾಗದ ಮುಟ್ಟಿತು. ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿ ಕಾಗದವನ್ನು ಒಲೆಗೆ ಹಾಕುವ ರೂಢಿ ಇಲ್ಲ, ರಟ್ಟಿಗೆ ಹಾಕುತ್ತೇವೆ.

ನಾಲ್ಕು ದಿನ ನಿನಗೆ ಬೈದುಕೊಂಡು ತಿರುಗಿದೆ. ಉಮರಸಾಬರು ಅಂಟು ಕದಡುತ್ತ, "ಭಾಳ ಬೈದಿ, ಇನ್ನ ಬರಿ" ಎಂದರು. ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ಲೆಕ್ಕ ಚುಕ್ತಾ ಮಾಡೋಣ. ಕಳ್ಳಿ ಅಂದದ್ದನ್ನು ಎಂದೋ ಬಿಟ್ಟಿದ್ದೇನೆ. ನಿಕಾಹಕ್ಕೆ ಬರದೇ ಇದ್ದದ್ದನ್ನು ಬಿಡುವುದಿಲ್ಲ. ಮೆಹಂದಿ ಹಚ್ಚಿಕೊಂಡ ಕೈ ಹಿಡಿದುಕೊಂಡು ಬಾಗಿಲು ನೋಡುತ್ತ ಕೂತಿದ್ದೆ. ಅದಕ್ಕೆ ನೀನು ನಿನ್ನ ಕೈಯಾರೆ ಹೋಳಿಗೆ ಮಾಡಿ ಬಡಿಸಬೇಕು.

ನಿನ್ನ ಅಪ್ಪನೇ ಕೊಟ್ಟರೆಂದು ನನಗೆ ಆವತ್ತೇ ಗೊತ್ತಿತ್ತು. ನೀನು ಹನುಮಸಾಗರದಲ್ಲಿದ್ದಾಗ ಅವರು ಆ ಕಟ್ಟನ್ನು ನಮ್ಮ ಮನೆಗೆ ಹೊತ್ತು ತಂದರು. ಹೆಣ್ಣುಹುಡುಗಿ ಓದು ಬಿಟ್ಟು ಮುಖವಾಡದವನ ಹಿಂದೆ ಬಿದ್ದಿದ್ದಾಳೆಂದು ನನ್ನ ಅಬ್ಬಾನ ಮುಂದೆ ಹೇಳಿಕೊಂಡರು. ಅವರು ಹೋದ ಮೇಲೆ ಅಬ್ಬಾ ಅಲ್ಲೇ ಹಾಳೆ ಬಿಡಿಸಿ ಅಂಟು ಸವರತೊಡಗಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಿನಗೆ ಹೇಳದೇ ಇದ್ದದ್ದು ಯಾಕೆಂದರೆ, ಅಬ್ಬಾಗೆ ಕಚೇರಿಯ ಬೈಂಡಿಂಗ್ ಕೆಲಸ ಕೊಡಿಸುತ್ತಿದ್ದವರು ನಿನ್ನ ಅಪ್ಪ, ನಮ್ಮ ಮನೆಯ ರೊಟ್ಟಿ ಅದರಿಂದ ನಡೆಯುತ್ತಿತ್ತು. ಬಾಯಿ ಬಿಡಬೇಡ ಎಂದು ಅಬ್ಬಾ ಹೇಳಿದ್ದರು.

ನಿಕಾಹದ ದಿನ ಕನಕಪ್ಪ ಕಾಕಾ ಬಂದು, ಎಲ್ಲರೂ ಊಟಕ್ಕೆ ಎದ್ದ ಮೇಲೆ ನನ್ನ ಮುಂದೆ ಕೈ ಮುಗಿದರು. "ನನ್ನ ತಪ್ಪು ನೀ ಹೊತ್ತಿದಿ ತಂಗಿ. ನಮ್ಮ ಶಾಂತಾಗ ಹೇಳಬ್ಯಾಡ, ಅಕಿ ನನ್ನ ಮಾರಿ ನೋಡೂದಿಲ್ಲ" ಎಂದರು. ಅಷ್ಟು ದೊಡ್ಡವರು ಕೈ ಮುಗಿದ ಮೇಲೆ ಒಲ್ಲೆ ಎನ್ನಲಾದೀತೇ? ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈಗ ನೀನಾಗಿ ತಿಳಿದುಕೊಂಡೆ, ನನ್ನ ಮಾತು ಉಳಿಯಿತು. ನೀನು ಹಗುರಾದೆ ಎಂದು ಬರೆದಿದ್ದೀಯ. ನಾನು ಎಷ್ಟು ಹಗುರಾದೆ ಎಂದು ಬರೆಯಲು ನನಗೆ ಬರುವುದಿಲ್ಲ. ಕಾಗದ ಓದಿದ ದಿನ ಕಾರಣವಿಲ್ಲದೆ ಇಬ್ಬರು ಗಿರಾಕಿಗಳಿಗೆ ಚಹಾ ಕುಡಿಸಿದೆ.

ಬರುವ ಸೋಮವಾರ ಸೂಜಿ, ದಾರ, ಅಂಟಿಗೆ ಮೈದಾ ಹಿಟ್ಟು ಕಟ್ಟಿಕೊಂಡು ನಾನೇ ಯಲಬುರ್ಗಾಕ್ಕೆ ಬರುತ್ತೇನೆ. ತಹಶೀಲ್ದಾರರ ಅಪ್ಪಣೆ ಪಡೆದಿಡು. ಏಳು ರಿಜಿಸ್ಟರುಗಳನ್ನೂ ಎರಡು ದಿನದಲ್ಲಿ ಕಟ್ಟಿಕೊಡುತ್ತೇನೆ. ಅಷ್ಟರೊಳಗೆ ಇನ್ನೊಂದು ರಟ್ಟಿಗೆ ನೀರು ಹಾಕಿದರೆ ನಿನ್ನ ಕೈ ಕಟ್ಟಿಹಾಕುತ್ತೇನೆ. ಓಬಳೆಪ್ಪನ ಅಂಗಡಿಯಲ್ಲಿ ಹೊಸದು ಬಂದಿದ್ದರೆ ನನಗೂ ಒಂದು ತೆಗೆದಿಡಲು ಹೇಳು. ಮಗನಿಗೆ ಅಲ್ಲ, ನನಗೆ ಎಂದೇ ಹೇಳು.

ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ಹಾಗೆಯೇ ಇದೆ.

ಸಂಘದ ಇನ್ನೊಬ್ಬ ಸದಸ್ಯೆ,
ಕಾಸೀಮಬೀ

ತಾ.ಕ: ನೀನು ನನ್ನನ್ನು ಕಳ್ಳಿ ಎಂದದ್ದು ಪೂರ್ತಿ ಸುಳ್ಳಲ್ಲ. ಅಬ್ಬಾ ಅಂಟಿನ ಬೋಗುಣಿ ತರಲು ಒಳಗೆ ಹೋದಾಗ ಆ ಕೊನೆಯ ಹಾಳೆಯನ್ನು ಹರಿದುಕೊಂಡು, ನೋಡದೆ ಮಡಚಿ ಲಂಗದಲ್ಲಿ ಮುಚ್ಚಿಟ್ಟೆ. ಒಬ್ಬಳೇ ನೋಡಿಬಿಡುತ್ತೇನೆಂಬ ಹೆದರಿಕೆಗೆ ಮಡಿಕೆ ಬಿಚ್ಚದೆ, ಸಂಘದ ಹಾಜರಿ ಪುಸ್ತಕಕ್ಕೆ ರಟ್ಟು ಕಟ್ಟಿ ಅದರೊಳಗೆ ಅಂಟಿಸಿಬಿಟ್ಟೆ. ನಾನು ಕಟ್ಟಿದ ಮೊದಲ ಪುಸ್ತಕ ಅದು. ಮುಖವಾಡದ ಹಿಂದೆ ಯಾರಿದ್ದಾರೆಂದು ನನಗೂ ಇನ್ನೂ ಗೊತ್ತಿಲ್ಲ. ಸೋಮವಾರ ಆ ಪುಸ್ತಕ ತರುತ್ತೇನೆ, ಚೊಂಬಿನಲ್ಲಿ ನೀರು ತುಂಬಿಡು.