ಪರದೆಯ ಮೇಲಷ್ಟೇ ಬಂದದ್ದು

ಸೇಡಂ, ೧೧ ಮಾರ್ಚ್, ಮಂಗಳವಾರ

ನಿದ್ದೆಯಿಲ್ಲ. ಕಳಿಸುವ ಮುಂಚೆ ಫೈಲನ್ನು ತೆರೆದು ನೋಡಬೇಕಿತ್ತು. ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಕೊಟ್ಟ ಪರೀಕ್ಷೆ ಅದು: ‘ಆರ್’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಇನ್ನೂರು ಮಕ್ಕಳ ತೂಕದ ಬಗ್ಗೆ ಒಂದೊಂದು ವಾಕ್ಯ ಮಾಡಿ ಕಾಲಂ ತುಂಬಿಸಬೇಕು. ಪರದೆಯ ಮೇಲೆ ಎಲ್ಲವೂ ಬಂದವು, ನಂಬಿಬಿಟ್ಟೆ. ಮಧ್ಯಾಹ್ನ ಉತ್ತರ ಬಂತು, ಕಾಲಂ ಖಾಲಿ ಇದೆಯಂತೆ. ನಾನು ಬರೆದ ಫಂಕ್ಷನ್ ‘ಕ್ಯಾಟ್’ ಎಂಬ ಆದೇಶದಿಂದ ವಾಕ್ಯವನ್ನು ಪರದೆಯ ಮೇಲೆ ತೋರಿಸುತ್ತಿತ್ತಷ್ಟೇ, ಕಾಲಂ ತುಂಬಲು ಹಿಂದಿರುಗಿಸುತ್ತಿರಲಿಲ್ಲ.

ಅತ್ತೆ ಮಗುವನ್ನು ತಟ್ಟುತ್ತಾ ಕೇಳಿದರು, “ಯಾಕವ್ವ, ಮಾರಿ ಸಣ್ಣದ ಮಾಡ್ಕೊಂಡಿ?”

“ಬರೇ ತೋರಸ್ತದರಿ ಅತ್ತಿ, ಕೈಗಿ ಕೊಡಂಗಿಲ್ಲ.”

“ಹಂಗಾರ ನನ್ನ ಮಗನಂಗೇ ಆತಲ್ಲ! ಹೈದ್ರಾಬಾದಿನಾಗ ಕುಂತು ದಿನಾ ಫೋನಿನ್ಯಾಗ ಮಾರಿ ತೋರಸ್ತಾನ, ಮನಿಗಿ ಬರಂಗಿಲ್ಲ.”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

‘ಕ್ಯಾಟ್’ ತೆಗೆದು, ವಾಕ್ಯವನ್ನು ಹಿಂದಿರುಗಿಸುವ ‘ಪೇಸ್ಟ್’ ಹಾಕಿ, ಫೈಲು ತುಂಬಿದ್ದನ್ನು ನೋಡಿಯೇ ಮತ್ತೆ ಕಳಿಸಿದೆ. ಈ ಕೆಲಸ ಸಿಕ್ಕರೆ ಇವರಿಗೆ ಹೈದರಾಬಾದಿನ ಕೆಲಸ ಬಿಟ್ಟು ಬನ್ನಿ ಎನ್ನಬಹುದು. ಇನ್ನೂ ಉತ್ತರವಿಲ್ಲ.

ಸಂಜೆ ಇವರ ವಿಡಿಯೊ ಕರೆ ಬಂತು. ಮಗು ಫೋನನ್ನು ಸವರಿತು, ಆಮೇಲೆ ಅದರ ಹಿಂದೆ ಕೈ ಹಾಕಿ ಅಪ್ಪನನ್ನು ಹುಡುಕಿತು. ಇವರು ಜೋರಾಗಿ ನಕ್ಕರು. ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.