ಐಸ್ ನೀರಲ್ಲಿ ಬಿಚ್ಚಿದ ಬಕಲ್

ಏಪ್ರಿಲ್ ೧೮, ಶನಿವಾರ

ಬೇಸಿಗೆಯಲ್ಲಿ ಡೈವಿಂಗಿಗೆ ಎಲ್ಲಿಗೆ ಹೋಗುವುದು ಎಂಬ ಜಗ್ಗಾಟ ಇವತ್ತು ಮುಗಿಯಿತು. ನನಗೆ ಉತ್ತರದ ತಣ್ಣನೆಯ ಸಮುದ್ರವೇ ಬೇಕಿತ್ತು. ಅಲ್ಲಿ ನೀರಿನಡಿ ಕಂದು ಪಾಚಿ ಕಾಡಿನ ಹಾಗೆ ಎದ್ದು ನಿಂತಿರುತ್ತದಂತೆ. ಭಾವನಿಗೆ ಬೆಚ್ಚಗಿನ ಕೊಲ್ಲಿಯೇ ಸಾಕು.

“ಆ ಚಳೀಲಿ ಬೆರಳು ಮರಗಟ್ಟುತ್ತೆ ಕಣೇ. ಮೇಲೆ ಬರೋಕೆ ಸೊಂಟದ ತೂಕದ ಬೆಲ್ಟ್ ಬಿಚ್ಚೋಕಾಗದಿದ್ರೆ ಯಾರನ್ನ ಕರೀತೀಯ? ನೆಲದ ಮೇಲೇ ನಿನ್ನ ಬಾಯಿಂದ ಮಾತು ಬರಲ್ಲ!” ಎಂದು ಭಾವ ನಕ್ಕರು.

ಮಾತಿನಲ್ಲಿ ನಾನು ಗೆಲ್ಲುವವಳಲ್ಲ. ಎದ್ದು ಹೋಗಿ ಬಕೆಟ್ಟಿಗೆ ನೀರು ತುಂಬಿಸಿ, ಫ್ರಿಜ್ಜಿನ ಐಸನ್ನೆಲ್ಲ ಸುರಿದು, ಡೈವಿಂಗ್ ಬೆಲ್ಟನ್ನು ಅದರಲ್ಲಿ ಮುಳುಗಿಸಿ ಅವರ ಮುಂದಿಟ್ಟೆ. ಅಕ್ಕನಿಗೆ ಅರ್ಥವಾಯಿತು. “ಚಹಾ ಕುದಿಯೋವರೆಗೂ ಇಬ್ಬರೂ ಕೈ ಅದ್ದಿರಿ. ಆಮೇಲೆ ಬಕಲ್ ಬಿಚ್ಚಿ,” ಎಂದಳು.

ಪಾತ್ರೆ ಬಿಸಿಯಾಗುವ ಮೊದಲೇ ಭಾವ “ಅಯ್ಯಯ್ಯೋ” ಎಂದು ಕೈ ಕಿತ್ತುಕೊಂಡರು. ನಾನು ಚಹಾ ಉಕ್ಕುವವರೆಗೂ ಇದ್ದು, ಬಕಲ್ ಬಿಚ್ಚಿದೆ.

“ನೀವು ಸ್ವೆಟರ್ ಹಾಕ್ಕೊಂಡು ದಡದಲ್ಲಿ ಕೂತಿರಿ, ನಮ್ಮ ಚಪ್ಪಲಿ ಕಾಯೋಕೆ ಜನ ಬೇಕಲ್ಲ,” ಎಂದಳು ಅಕ್ಕ.

ಉತ್ತರದ ಸಮುದ್ರವೇ ಗಟ್ಟಿಯಾಯಿತು. ಬೆರಳು ಇನ್ನೂ ಜುಮ್ಮೆನ್ನುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ. ಆಗಲಿ. ನೀರಿನಡಿ ಎಲ್ಲರೂ ಕೈಸನ್ನೆಯಲ್ಲೇ ಮಾತಾಡಬೇಕು. ಅಲ್ಲಿ ನಾನೂ ಎಲ್ಲರಷ್ಟೇ ಮಾತುಗಾತಿ.